ನಮ್ಮ ಹೊಳೆ ದಂಡೆಯಲ್ಲೇಕೆ ನಗರ ಹುಟ್ಟಲಿಲ್ಲ?

ಕಳೆದ ರಜೆಗೆ ಊರಿಗೆ ಹೋದಾಗ ಗೆಳೆಯನೊಬ್ಬ ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್ ನನ್ನ ಕೈಗಿಟ್ಟು, ‘ಪ್ರಶ್ನಿ ಕೇಳಲೇ, ಹೇಳ್ತೀನಿ’ ಎಂದ. ನದಿ ಬಯಲಿನ ನಾಗರಿಕತೆಗಳು ಯಾವುವು ಎಂದು ಕೇಳಿದೆ. ‘ಈಜಿಪ್ಟಿಗೆ ನೈಲ್, ಮೆಸೊಪೊಟೇಮಿಯಾಕ್ಕ ಟೈಗ್ರಿಸ್–ಯೂಫ್ರೆಟಿಸ್, ಹರಪ್ಪಕ್ಕ ಸಿಂಧೂ, ಚೀನಾಕ್ಕ ಹಳದಿ ನದಿ’ ಎಂದು ಒಂದೇ ಉಸಿರಿನಲ್ಲಿ ಹೇಳಿದ. ‘ಮತ್ತ ನಮ್ಮ ವರದಾ, ತುಂಗಭದ್ರಾ ದಂಡಿಗೆ ಏನಿತ್ತು?’ ಎಂದೆ. ಪುಟ ತಿರುವಿ ಒಂದು ಸಾಲು ತೋರಿಸಿದ: ‘ಹಳ್ಳೂರು – ನವಶಿಲಾಯುಗದ ನೆಲೆ’. ಅಷ್ಟೇ. ‘ಒಂದು ಮಾರ್ಕ್ಸಿಗೆ ಇಷ್ಟು ಸಾಕಲೇ’ ಎಂದು ನಕ್ಕ.

ನಾನು ಹಾನಗಲ್ ತಾಲ್ಲೂಕಿನವನು, ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಆ ಒಂದು ಸಾಲು ನನಗೆ ಸಾಕಾಗಲಿಲ್ಲ. ಹಿರೇಕೆರೂರು ಸೀಮೆಯಲ್ಲಿ, ತುಂಗಭದ್ರೆಯ ದಂಡೆಯ ಮೇಲಿರುವ ಹಳ್ಳೂರಿನ ದಿಬ್ಬವನ್ನು 1965ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಅಗೆಸಿದರು. ಸುಮಾರು 6 ಮೀಟರ್ ಎತ್ತರದ ಆ ದಿಬ್ಬ ಗುಡ್ಡವಲ್ಲ. ಜನ ಮನೆ ಕಟ್ಟಿ, ಅದು ಬಿದ್ದ ಮೇಲೆ ಅದೇ ಜಾಗದಲ್ಲಿ ಮತ್ತೆ ಕಟ್ಟಿ, ತಲೆಮಾರುಗಳು ಬದುಕಿದ್ದರಿಂದ ಎದ್ದ ಮಣ್ಣಿನ ಪದರಗಳು ಅವು. ಕೆಳಗಿನ ಪದರಗಳು ಹೆಚ್ಚುಕಡಿಮೆ 4 ಸಾವಿರ ವರ್ಷ ಹಳೆಯವು.

ಅಲ್ಲಿ ಸಿಕ್ಕಿದ್ದೇನು? ಗುಂಡನೆಯ ಮನೆಗಳ ನೆಲ, ಬೂದಿ ತುಂಬಿದ ಒಲೆ, ನಯಗೊಳಿಸಿದ ಕಲ್ಲಿನ ಕೊಡಲಿ, ತಾಮ್ರದ ಸಣ್ಣ ವಸ್ತುಗಳು, ಮಡಕೆಯಲ್ಲಿಟ್ಟು ಹೂಳಿದ್ದ ಮಕ್ಕಳ ಎಲುಬು. ಮೇಲಿನ ಪದರಗಳಲ್ಲಿ ಕಬ್ಬಿಣದ ಬಾಣದ ಮೊನೆ, ಚೂರಿ. ಇಂಗಾಲದ ಪರೀಕ್ಷೆ ಆ ಕಬ್ಬಿಣಕ್ಕೆ ಸುಮಾರು ಕ್ರಿ.ಪೂ. 1000ದ ಕಾಲವನ್ನು ತೋರಿಸಿತು. ದಕ್ಷಿಣ ಭಾರತದಲ್ಲಿ ಕಬ್ಬಿಣ ಬಳಸಿದ ಅತಿ ಹಳೆಯ ನೆಲೆಗಳಲ್ಲಿ ಒಂದೆಂದು ಹಳ್ಳೂರು ಹೆಸರಾಯಿತು. ಪ್ರಾಣಿಗಳ ಎಲುಬನ್ನು ಪರೀಕ್ಷಿಸಿದ ಡಾ. ಕೆ.ಆರ್. ಆಲೂರ ಅವರು ಅದರಲ್ಲಿ ಕುದುರೆಯದೂ ಇದೆ ಎಂದಾಗ, ಕುದುರೆ ಭಾರತಕ್ಕೆ ಯಾವಾಗ ಬಂತು ಎಂಬ ದೊಡ್ಡ ಚರ್ಚೆಯೇ ಎದ್ದಿತು. 1990ರ ದಶಕದ ಕೊನೆಯಲ್ಲಿ ಸಂಶೋಧಕರು ಮತ್ತೆ ಬಂದು ಮಣ್ಣಿನಿಂದ ಸುಟ್ಟ ಕಾಳುಗಳನ್ನು ಸೋಸಿ ತೆಗೆದರು. ಈ ಸೀಮೆಯ ನವಶಿಲಾಯುಗದ ಜನ ಬೆಳೆಯುತ್ತಿದ್ದದ್ದು ಕೊರಲೆಯಂಥ ಸಿರಿಧಾನ್ಯ, ಹುರುಳಿ, ಹೆಸರು. ನಮ್ಮ ಮನೆಯ ಹುರುಳಿಕಟ್ಟಿನ ಸಾರಿಗೆ ಇಷ್ಟು ವಯಸ್ಸಾಗಿದೆ ಎಂದು ನನಗೆ ಗೊತ್ತಿರಲಿಲ್ಲ!

ಹೊಳೆ ಇತ್ತು, ಬೆಳೆ ಇತ್ತು, ದನಕರು ಇದ್ದವು, ಕಬ್ಬಿಣವೂ ಬಂತು. ಆದರೂ ಇಲ್ಲಿ ಮೊಹೆಂಜೊದಾರೊ ಯಾಕೆ ಏಳಲಿಲ್ಲ?

ನೀರಿನ ಲೆಕ್ಕ ಹಾಕಿದರೆ ಉತ್ತರದ ಒಂದು ದೊಡ್ಡ ಭಾಗ ಸಿಗುತ್ತದೆ. ನೈಲ್ ನದಿ ವರ್ಷಕ್ಕೊಮ್ಮೆ ಬಯಲಿನ ಮೇಲೆ ಹರಡಿ, ಮೆಕ್ಕಲು ಮಣ್ಣು ಬಿಟ್ಟು ಇಳಿಯುತ್ತಿತ್ತು. ಸಿಂಧೂವಿಗೆ ಹಿಮ ಕರಗಿದ ನೀರೂ ಇದೆ, ಮಳೆಯ ನೀರೂ ಇದೆ. ಪ್ರವಾಹ ಇಳಿದ ಹಸಿ ನೆಲದಲ್ಲಿ ಗೋಧಿ, ಬಾರ್ಲಿ ಬಿತ್ತಿದರೆ ಉಂಡು ಉಳಿಯುವಷ್ಟು ಬರುತ್ತಿತ್ತು. ಉಳಿದ ಕಾಳಿನಿಂದ ಕುಂಬಾರ, ಮಣಿ ಮಾಡುವವ, ಇಟ್ಟಿಗೆ ಸುಡುವವ, ಲೆಕ್ಕ ಬರೆಯುವವ ಬದುಕಿದರು. ನಗರ ಎಂದರೆ ಮೂಲತಃ ಅದೇ: ಹೊಲಕ್ಕೆ ಇಳಿಯದವರಿಗೂ ಅನ್ನ ಸಿಗುವ ಊರು.

ನಮ್ಮ ಹೊಳೆಗಳ ಸ್ವಭಾವ ಬೇರೆ. ವರದಾ, ಕುಮುದ್ವತಿ, ತುಂಗಭದ್ರಾ ಮೂರಕ್ಕೂ ಮಲೆನಾಡಿನ ಮಳೆಯೇ ಆಧಾರ. ಮಳೆಗಾಲದಲ್ಲಿ ಅಬ್ಬರಿಸಿ, ಬೇಸಿಗೆಗೆ ಸೊರಗುತ್ತವೆ. ಹೊಲ ಮೇಲೆ, ನೀರು ಕೆಳಗೆ. ಹಾಗಾಗಿ ಹಳ್ಳೂರಿನವರು ಹೊಳೆಯ ಪಕ್ಕದಲ್ಲಿದ್ದರೂ ಬೇಸಾಯಕ್ಕೆ ನಂಬಿದ್ದು ಮುಗಿಲನ್ನು. ಹುರುಳಿಯಂಥ ಕಡಿಮೆ ನೀರಿನ ಬೆಳೆ, ಜೊತೆಗೆ ದನಕರು. ಆ ಬದುಕು ಹಳ್ಳಿಯನ್ನು ಸಾಕಿತು, ನಗರವನ್ನು ಸಾಕುವಷ್ಟು ಉಳಿಸಲಿಲ್ಲ.

ಮುಂದೆ ಇದೇ ಸೀಮೆಯಲ್ಲಿ ಪಟ್ಟಣಗಳೂ ಎದ್ದವು. ಆ ಬದಲಾವಣೆಯ ಹಿಂದೆ ಕೆರೆಯ ಪಾಲು ದೊಡ್ಡದು ಎಂದು ನನಗೆ ಅನಿಸುತ್ತದೆ. ಕದಂಬರ ಶಾಖೆಯೊಂದು ಆಳಿದ ಪಾನುಂಗಲ್ಲು, ಅಂದರೆ ನಮ್ಮ ಹಾನಗಲ್ಲು, ಇಂದಿಗೂ ಕೆರೆಗಳ ಸೀಮೆ. ಹಿರೇಕೆರೂರು ಎಂಬ ಹೆಸರಿನಲ್ಲೇ ಕೆರೆ ಇದೆ. ಮಾಸೂರಿನ ಹತ್ತಿರ ಗುಡ್ಡಗಳ ನಡುವೆ ಕುಮುದ್ವತಿಗೆ ಅಡ್ಡ ಏರಿ ಹಾಕಿ ವಿಜಯನಗರದ ಕಾಲದಲ್ಲೇ ಮದಗದ ಕೆರೆ ಕಟ್ಟಿದರು. ಏರಿ, ತೂಬು, ಕೋಡಿ ಇವು ನಮ್ಮ ಹಿರಿಯರ ಹೈಡ್ರಾಲಿಕ್ಸ್. ಹೊಳೆ ತಾನಾಗಿ ಕೊಡದ್ದನ್ನು ಅವರು ಹಿಡಿದಿಟ್ಟುಕೊಂಡರು.

ಇದು ನನಗೆ ಬರೀ ಇತಿಹಾಸವಲ್ಲ. 2019ರ ಆಗಸ್ಟ್‌ನಲ್ಲಿ ವರದಾ ಉಕ್ಕಿ ಹಾನಗಲ್, ಸವಣೂರು ಕಡೆಯ ದಂಡೆಯ ಊರುಗಳಿಗೆ ನುಗ್ಗಿತು. 2023ರಲ್ಲಿ ಬರ. ನಮ್ಮ ಬೋರ್‌ವೆಲ್ ಬತ್ತಿತು, ಗೋವಿನಜೋಳ ಮೊಣಕಾಲೆತ್ತರದಲ್ಲೇ ಒಣಗಿತು. ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ, ‘ನೀ ಹೆಂಗೂ ಬೆಂಗಳೂರಾಗ ಇರಾಂವ. ಈ ಹೊಲ ಮಾರಿಬಿಡೂಣೇನು?’ ಎಂದು ಕೇಳಿದರು. ನಾನು ತಾಟು ನೋಡುತ್ತ ಕೂತೆ. ನಮ್ಮ ಹೊಲದ ಮೇಲಿನ ಕೆರೆಯಲ್ಲಿ ಹೂಳು ತುಂಬಿ ಎಷ್ಟೋ ವರ್ಷವಾಗಿದೆ. ಕೆರೆಗೆ ನೀರು ಬರುವ ಹಳ್ಳವೇ ಒತ್ತುವರಿಯಾಗಿದೆ. ಅದು ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಆ ರಜೆ ಮುಗಿಯುವ ಮೊದಲು ಗೆಳೆಯನನ್ನು ಕರೆದುಕೊಂಡು ಆ ಕೆರೆ ಅಂಗಳದಲ್ಲಿ ಓಡಾಡಿದೆ. ಟೇಪು ಹಿಡಿದು ಏರಿಯ ಉದ್ದ ಅಳೆದೆವು, ತೂಬು ಎಲ್ಲಿ ಮುಚ್ಚಿದೆ ಎಂದು ಗುರುತು ಹಾಕಿದೆವು, ಹಳ್ಳ ಬರುತ್ತಿದ್ದ ದಾರಿಯನ್ನು ಹಿರಿಯರೊಬ್ಬರಿಂದ ಕೇಳಿ ಬರೆದುಕೊಂಡೆವು. ಆ ನಕ್ಷೆಯನ್ನು ಗ್ರಾಮಸಭೆಯಲ್ಲಿ ಇಡಬೇಕೆಂದಿದ್ದೇವೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗೂ ಇದನ್ನೇ ಆರಿಸಿಕೊಂಡಿದ್ದೇನೆ. ಅಪ್ಪನಿಗೆ, ‘ಎರಡು ವರ್ಷ ತಡೀರಿ’ ಎಂದಷ್ಟೇ ಹೇಳಿದ್ದೇನೆ.

ಪರೀಕ್ಷೆಗೆ ಓದುತ್ತಿರುವ ಗೆಳೆಯರೇ, ನೈಲ್, ಸಿಂಧೂ ಖಂಡಿತ ಓದಿ, ಅಂಕ ಬರುತ್ತದೆ. ಜೊತೆಗೆ ನಿಮ್ಮೂರಿನ ಕೆರೆಯ ತೂಬು ಎಲ್ಲಿದೆ, ಕೋಡಿ ಯಾವ ಕಡೆಗಿದೆ ಎಂದು ಒಮ್ಮೆ ಹೋಗಿ ನೋಡಿ. ಆ ಪ್ರಶ್ನೆಯನ್ನು ಯಾವ ಆಯೋಗವೂ ಕೇಳಲಿಕ್ಕಿಲ್ಲ. ಮುಂದಿನ ಬರಗಾಲ ಮಾತ್ರ ಕೇಳೇ ಕೇಳುತ್ತದೆ.