ಹಿಮಕ್ಕೆ ನಿಲ್ಲುವ ಟೆಂಟು ಮಳೆಗೂ ಆದೀತೇ?

ಡಿಸೆಂಬರ್‌ನಲ್ಲಿ ಕೇದಾರಕಂಠ, ಬೇಸಿಗೆ ಮುಗಿಯುವಾಗ ಲಡಾಖ್, ನಡುವೆ ಬಿಡುವು ಸಿಕ್ಕಾಗಲೆಲ್ಲ ಪಶ್ಚಿಮ ಘಟ್ಟ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟೋ ಚಾರಣಿಗರ ವರ್ಷ ಹೀಗೆ ಸಾಗುತ್ತದೆ. ಚಾರಣ ಕಂಪನಿಯ ಜೊತೆ ಹೋದರೆ ಟೆಂಟಿನ ಚಿಂತೆ ಅವರದು. ಬೈಕಿನಲ್ಲೋ ಸೈಕಲ್ಲಿನಲ್ಲೋ, ಬೆನ್ನಿಗೆ ಚೀಲ ಏರಿಸಿಕೊಂಡೋ ತಾವಾಗಿ ಹೊರಡುವವರು ಮಾತ್ರ ಒಂದಲ್ಲ ಒಂದು ದಿನ ‘ಒಂದೇ ಸಲ ಗಟ್ಟಿಮುಟ್ಟಾದ್ದು ತಗೊಂಡುಬಿಡೋಣ, ಎಲ್ಲದಕ್ಕೂ ಆಗುತ್ತೆ’ ಎಂದುಕೊಳ್ಳುತ್ತಾರೆ. ಈ ಮಾತಿನ ಬೆನ್ನಿಗೆ ಕೆಲವು ನಂಬಿಕೆಗಳಿವೆ. ಒಳ್ಳೆಯ ಹವೆಯಲ್ಲಿ ಅವುಗಳಿಂದ ಹೋಗುವುದು ದುಡ್ಡಷ್ಟೇ. ಕೆಟ್ಟ ಹವೆಯಲ್ಲಿ ಜೀವಕ್ಕೇ ಕುತ್ತು.

ತಪ್ಪು ಕಲ್ಪನೆ: ‘ಫೋರ್ ಸೀಸನ್’ ಎಂದು ಬರೆದಿದ್ದರೆ ವರ್ಷವಿಡೀ ಎಲ್ಲಿಗಾದರೂ ಸರಿ

ಇದು ತಯಾರಕರು ತಾವೇ ಹಚ್ಚುವ ಚೀಟಿ. ಎಲ್ಲರೂ ಪಾಲಿಸಲೇಬೇಕಾದ ಮಾನದಂಡ ಇದಕ್ಕಿಲ್ಲ. ಯುರೋಪು, ಅಮೆರಿಕದ ಹವೆಯನ್ನು ಇಟ್ಟುಕೊಂಡು ಮಾಡಿದ ವಿಂಗಡಣೆ ಇದು. ನಾಲ್ಕನೆಯ ಋತು ಎಂದರೆ ಹಿಮ ಬೀಳುವ ಚಳಿಗಾಲ. ನಮ್ಮ ಮುಂಗಾರು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಇಂಥ ಟೆಂಟಿನ ಎದುರಾಳಿಗಳು ಎರಡು: ಮೇಲಿನಿಂದ ಅದುಮುವ ಹಿಮ, ಪಕ್ಕದಿಂದ ತಳ್ಳುವ ಗಾಳಿ. ಹೆಚ್ಚು ಪೋಲ್‌ಗಳು, ಹಿಮ ಜಾರಿ ಬೀಳುವಂತೆ ಕಡಿದಾದ ಗೋಡೆ, ನೆಲದವರೆಗೂ ಇಳಿಯುವ ಹೊರಹೊದಿಕೆ. ಒಳಗೋಡೆಯಲ್ಲಿ ಮೆಶ್ ಕಡಿಮೆ, ಬಟ್ಟೆ ಹೆಚ್ಚು. ಗಾಳಿ ಹೊತ್ತು ತರುವ ನುಣ್ಣನೆಯ ಹಿಮದ ಪುಡಿ ಒಳಗೆ ನುಗ್ಗಬಾರದೆಂದೇ ಹಾಗೆ ಹೊಲಿದಿರುತ್ತಾರೆ. ಇದನ್ನೇ ಜುಲೈ ತಿಂಗಳಲ್ಲಿ ಆಗುಂಬೆಯ ಯಾವುದೋ ಹೋಮ್‌ಸ್ಟೇ ಅಂಗಳದಲ್ಲಿ ಹಾಕಿ ಮಲಗಿ ನೋಡಿ. ಹಿಮವನ್ನು ತಡೆಯುವ ಅದೇ ಬಟ್ಟೆ ಇಲ್ಲಿ ಗಾಳಿಯಾಡಲು ಬಿಡುವುದಿಲ್ಲ. ಹೊರಗಿನ ಗಾಳಿಯಲ್ಲೇ ತೇವ ತುಂಬಿರುವಾಗ ಒಳಗಿನ ಸೆಕೆ ಹೊರಹೋಗುವ ದಾರಿಯೇ ಇರುವುದಿಲ್ಲ. ಘಟ್ಟದ ಮಳೆಗೆ ದೊಡ್ಡ ಗಾಳಿಕಿಂಡಿಗಳಿರುವ, ಹೊರಹೊದಿಕೆ ಚೆನ್ನಾಗಿ ಕೆಳಗಿಳಿಯುವ, ಎರಡು ಪದರದ ‘ತ್ರೀ ಸೀಸನ್’ ಟೆಂಟೇ ಮೇಲು. ಬೆಲೆಯೂ ಕಡಿಮೆ, ತೂಕವೂ ಕಡಿಮೆ.

ಮಳೆನಾಡಿನವರು ಅಂಗಡಿಯಲ್ಲಿ ಮರೆಯದೆ ಕೇಳಬೇಕಾದ ಇನ್ನೊಂದು ಸಂಗತಿಯಿದೆ. ಕೆಲವು ಟೆಂಟುಗಳಲ್ಲಿ ಮೊದಲು ಒಳಟೆಂಟನ್ನು ನಿಲ್ಲಿಸಿ ಆಮೇಲೆ ಹೊರಹೊದಿಕೆ ಎಳೆಯಬೇಕು. ಸುರಿಯುವ ಮಳೆಯಲ್ಲಿ ಇಷ್ಟು ಮಾಡುವಷ್ಟರಲ್ಲಿ ಮಲಗುವ ಜಾಗ ನೆನೆದು ತೊಪ್ಪೆಯಾಗಿರುತ್ತದೆ. ಹೊರಹೊದಿಕೆಯನ್ನು ಮೊದಲು ನಿಲ್ಲಿಸಿ ಅದರ ಅಡಿಯಲ್ಲಿ ಒಳಟೆಂಟು ಕಟ್ಟುವ, ಅಥವಾ ಎರಡನ್ನೂ ಒಟ್ಟಿಗೇ ಎಬ್ಬಿಸುವ ರಚನೆಗಳಿವೆ. ಸ್ಕ್ಯಾಂಡಿನೇವಿಯಾದ ತಯಾರಕರು ಬಹುಕಾಲದಿಂದ ಈ ಹಾದಿಯಲ್ಲಿದ್ದಾರೆ. ಪೆಟ್ಟಿಗೆಯ ಮೇಲಿನ ಯಾವ ಅಂಕಿಗಿಂತಲೂ ನಮ್ಮ ಮಳೆಯಲ್ಲಿ ಉಪಯೋಗಕ್ಕೆ ಬರುವ ಗುಣ ಇದೇ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಮೊದಲು ನಿರ್ಧರಿಸಬೇಕಾದ್ದು ನಮ್ಮ ಕೆಟ್ಟ ಹವೆ ಯಾವುದು ಎಂದು. ಹಿಮವೋ, ಬಯಲ ಗಾಳಿಯೋ, ಬಿಡದೆ ಸುರಿಯುವ ಮಳೆಯೋ? ಮೂರಕ್ಕೂ ಸಮನಾಗಿ ಒಗ್ಗುವ ಟೆಂಟು ಇಲ್ಲ. ಬಹುಪಾಲು ರಾತ್ರಿಗಳನ್ನು ಘಟ್ಟದಲ್ಲಿ ಕಳೆದು ಎಂದೋ ಒಮ್ಮೆ ಹಿಮಕ್ಕೆ ಹೋಗುವವರು ಅಲ್ಲಿಗೆ ಬೇಕಾದ್ದನ್ನು ಬಾಡಿಗೆಗೆ ತರುವುದೇ ಜಾಣತನ. ಘಟ್ಟದ ಮೀಸಲು ಅರಣ್ಯ, ಅಭಯಾರಣ್ಯಗಳೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ತಂಗುವಂತಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ತಪ್ಪು ಕಲ್ಪನೆ: ಬೆಳಗ್ಗೆ ಒಳಗೆಲ್ಲ ಒದ್ದೆಯಾಗಿದ್ದರೆ ಟೆಂಟು ಸೋರುತ್ತಿದೆ ಎಂದರ್ಥ

ಸೋರಿದೆ ಎಂದು ಅಂಗಡಿಗೆ ವಾಪಸು ಬರುವ ಎಷ್ಟೋ ಟೆಂಟುಗಳಲ್ಲಿ ಒಂದು ತೂತೂ ಇರುವುದಿಲ್ಲ. ಆ ನೀರು ಮಲಗಿದವರದೇ. ಉಸಿರು ಮತ್ತು ಬೆವರಿನಿಂದ ಒಬ್ಬರು ಒಂದು ರಾತ್ರಿಯಲ್ಲಿ ಅರ್ಧ ಲೀಟರಿನ ಹತ್ತಿರ ನೀರನ್ನು ಆವಿಯಾಗಿ ಬಿಡುತ್ತಾರೆ. ಇಬ್ಬರಿದ್ದರೆ ಒಂದು ಲೀಟರ್. ತಣ್ಣೀರಿನ ಲೋಟದ ಹೊರಮೈ ಬೆವರುವ ಹಾಗೆಯೇ ಈ ಆವಿ ತಣ್ಣಗಾದ ಹೊದಿಕೆಗೆ ತಗಲಿ ಹನಿಗಟ್ಟುತ್ತದೆ. ಕೊರೆಯುವ ಚಳಿಯಲ್ಲಿ ಅದೇ ಬಿಳಿ ಪುಡಿಯಾಗಿ ಗೋಡೆಗೆ ಅಂಟಿ, ಬೆಳಗ್ಗೆ ಯಾರಾದರೂ ಮೈ ಮುರಿದರೆ ಮುಖದ ಮೇಲೆ ಉದುರುತ್ತದೆ.

ಎರಡು ಪದರದ ಟೆಂಟಿನ ಉಪಾಯ ಇಷ್ಟೇ: ಆವಿ ಒಳಟೆಂಟಿನ ಬಟ್ಟೆಯನ್ನು ದಾಟಿ ಹೊರಹೊದಿಕೆಗೆ ಹೋಗಿ ಹನಿಯಾಗಲಿ, ಮಲಗಿದವರ ಮೇಲೆ ಬೀಳದೆ ಹೊರಗೋಡೆಯಲ್ಲೇ ಇಳಿದು ಹೋಗಲಿ. ಎರಡು ಪದರ ಒಂದಕ್ಕೊಂದು ತಾಗಿದರೆ ಇದು ಕೆಡುತ್ತದೆ. ಹೊರಹೊದಿಕೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕಾದ್ದು ಅದಕ್ಕೇ. ನೈಲಾನ್ ನೆನೆದಾಗ ಹಿಗ್ಗಿ ಜೋಲುತ್ತದೆ, ಪಾಲಿಯೆಸ್ಟರ್ ಅಷ್ಟು ಜೋಲುವುದಿಲ್ಲ. ನೈಲಾನ್ ಟೆಂಟಾದರೆ ಸಂಜೆ ಬಿಗಿದ ಹಗ್ಗಗಳನ್ನು ಮಲಗುವ ಮುನ್ನ ಇನ್ನೊಮ್ಮೆ ಎಳೆಯುವುದು ಒಳ್ಳೆಯದು.

ಚಳಿ ಎಂದು ಕಿಂಡಿಗಳನ್ನೆಲ್ಲ ಮುಚ್ಚಿದಷ್ಟೂ ಒಳಗೆ ಒದ್ದೆ ಹೆಚ್ಚು. ಮೇಲಿನ ಕಿಂಡಿ ತೆರೆದೇ ಇರಲಿ, ಬಾಗಿಲಿನ ಝಿಪ್ಪನ್ನೂ ಮೇಲ್ತುದಿಯಲ್ಲಿ ಒಂದು ಗೇಣು ಇಳಿಸಿಡಿ. ಒದ್ದೆ ಬಟ್ಟೆ, ಬೂಟುಗಳನ್ನು ತಲೆಯ ಪಕ್ಕ ಇಟ್ಟುಕೊಳ್ಳಬೇಡಿ. ನಿಜವಾಗಿ ಸೋರುತ್ತಿದೆಯೇ ಎಂದು ತಿಳಿಯುವುದು ಕಷ್ಟವೇನಲ್ಲ. ಹನಿಗಳು ಹೊದಿಕೆಯ ಉದ್ದಗಲಕ್ಕೂ ಒಂದೇ ಸಮ ಹರಡಿದ್ದರೆ ಅದು ಆವಿಯ ನೀರು. ಹೊಲಿಗೆಯ ಗೆರೆಯುದ್ದಕ್ಕೆ, ಮೂಲೆಯಲ್ಲಿ, ಝಿಪ್ಪಿನ ಕೆಳಗೆ ಮಾತ್ರ ಒದ್ದೆಯಾಗಿದ್ದರೆ ಸೋರಿಕೆ.

ತಪ್ಪು ಕಲ್ಪನೆ: ಮಿಲಿಮೀಟರ್ ಅಂಕಿ ದೊಡ್ಡದಾದಷ್ಟೂ ಮಳೆಗೆ ಗಟ್ಟಿ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ, ಟೆಂಟಿನ ಮೇಲೆ 3,000 ಮಿ.ಮೀ. ಎಂದಷ್ಟೇ ಇದೆ, ಸಾಲದು ಅಲ್ಲವೇ ಎಂದು ಕೇಳುವವರಿದ್ದಾರೆ. ಎರಡಕ್ಕೂ ಸಂಬಂಧವಿಲ್ಲ. ಬಟ್ಟೆಯ ಮೇಲೆ ನೀರಿನ ಕಂಬವನ್ನು ಎತ್ತರಿಸುತ್ತ ಹೋದರೆ ಎಷ್ಟು ಎತ್ತರಕ್ಕೆ ನೀರು ಜಿನುಗುತ್ತದೆ ಎಂಬುದನ್ನು ಟೆಂಟಿನ ಅಂಕಿ ಹೇಳುತ್ತದೆ. ಮಳೆಹನಿಯ ಒತ್ತಡ ಅದರ ಮುಂದೆ ಬಹಳ ಕಡಿಮೆ. 1,200ರಿಂದ 1,500 ಮಿ.ಮೀ. ಅಂಕಿಯ ಹೊರಹೊದಿಕೆಯೊಂದಿಗೆ ಬರುವ ಒಳ್ಳೆಯ ಪರ್ವತ ಟೆಂಟುಗಳೇ ಇವೆ. ನೆಲದ ಬಟ್ಟೆಯ ಮಾತು ಬೇರೆ: ಅದರ ಮೇಲೆ ಮೊಣಕಾಲು, ಮೊಣಕೈ ಊರುತ್ತೇವೆ, ಹಾಗಾಗಿ ಅಲ್ಲಿ ಹೆಚ್ಚಿನ ಅಂಕಿ ಬೇಕು.

ಅಗ್ಗದ ಬಟ್ಟೆಗೂ ಪಾಲಿಯುರಿಥೇನ್ ಲೇಪನವನ್ನು ದಪ್ಪವಾಗಿ ಬಳಿದರೆ ದೊಡ್ಡ ಅಂಕಿ ಬಂದೀತು. ಆದರೆ ಬಿರುಗಾಳಿಯಲ್ಲಿ ಬೇಕಾದ್ದು ಹರಿಯದ ಗುಣ, ಅದನ್ನು ಹೆಚ್ಚಿಸುವುದು ಸಿಲಿಕೋನ್ ಲೇಪನ. ಅದರ ತೊಡಕೆಂದರೆ, ಸಿಲಿಕೋನ್ ಮೈಗೆ ಹೊಲಿಗೆಯ ಟೇಪ್ ಅಂಟುವುದಿಲ್ಲ. ತಯಾರಕರು ಹೊಲಿಗೆ ಮುಚ್ಚಿ ಕೊಡದಿದ್ದರೆ ಸಿಲಿಕೋನ್ ಅಂಟನ್ನು ನಾವೇ ಹಚ್ಚಬೇಕು.

ತಪ್ಪು ಕಲ್ಪನೆ: ‘ಗೂಟವೇ ಬೇಡ, ತಾನಾಗಿಯೇ ನಿಲ್ಲುತ್ತೆ’

ಗುಮ್ಮಟದಾಕಾರದ ಟೆಂಟನ್ನು ಅಂಗಡಿಯ ನೆಲದ ಮೇಲೆ ನಿಲ್ಲಿಸಿ ಹೇಳುವ ಮಾತಿದು. ಅಂಗಡಿಯೊಳಗೆ ನಿಜ. ಗಾಳಿಗೆ ಮಾತ್ರ ಬೇರೆ ಲೆಕ್ಕವಿದೆ: ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಗಂಟೆಗೆ 50 ಕಿ.ಮೀ. ಗಾಳಿ ಸಮುದ್ರಮಟ್ಟದಲ್ಲಿ ಒಂದು ಚದರ ಮೀಟರ್ ಮೇಲೆ ಸುಮಾರು 12 ಕಿಲೋ ಭಾರದಷ್ಟು ಒತ್ತಿದರೆ, 100 ಕಿ.ಮೀ. ಗಾಳಿ ಸುಮಾರು 48 ಕಿಲೋ ಒತ್ತುತ್ತದೆ. ಮೂರು ಕಿಲೋ ಟೆಂಟು ಇದರೆದುರು ಎಷ್ಟರದು?

1911ರ ಜುಲೈ, ಅಂಟಾರ್ಕ್ಟಿಕದ ಕಗ್ಗತ್ತಲ ಚಳಿಗಾಲ. ಬ್ರಿಟಿಷ್ ಅನ್ವೇಷಕ ಸ್ಕಾಟ್‌ನ ತಂಡದ ವಿಲ್ಸನ್, ಬವರ್ಸ್, ಚೆರಿ ಗೆರಾರ್ಡ್ ಎಂಬ ಮೂವರು ಎಂಪರರ್ ಪೆಂಗ್ವಿನ್ನಿನ ಮೊಟ್ಟೆ ತರಲು ಕೇಪ್ ಕ್ರೋಜಿಯರ್‌ಗೆ ಹೋಗಿದ್ದರು. ಬಿರುಗಾಳಿ ಅವರ ಟೆಂಟನ್ನು ಎತ್ತಿಕೊಂಡು ಹೋಯಿತು. ಕಲ್ಲು ಪೇರಿಸಿ ಕಟ್ಟಿಕೊಂಡಿದ್ದ ಗೂಡಿನ ಚಾವಣಿಯೂ ಹಾರಿಹೋಗಿ, ಮೂವರೂ ಸ್ಲೀಪಿಂಗ್ ಬ್ಯಾಗಿನೊಳಗೆ ಹಿಮದಡಿ ಬಿದ್ದುಕೊಂಡರು. ಗಾಳಿ ಇಳಿದ ಮೇಲೆ ಹುಡುಕಿದರೆ ಇಳಿಜಾರಿನ ಬುಡದಲ್ಲಿ ಟೆಂಟು ಸಿಕ್ಕಿತು, ಹೆಚ್ಚೇನೂ ಹಾನಿಯಾಗದೆ. ಅದು ಸಿಕ್ಕಿದ್ದರಿಂದಲೇ ಅವರು ಜೀವಸಹಿತ ನೆಲೆಗೆ ಮರಳಿದರು. ಬಟ್ಟೆಯೂ ಸೋತಿರಲಿಲ್ಲ, ಕೋಲುಗಳೂ ಸೋತಿರಲಿಲ್ಲ. ತಪ್ಪಿದ್ದು ನೆಲದ ಹಿಡಿತ.

ಟೆಂಟಿನ ಸುತ್ತ ಹೊಲಿದಿರುವ ಹಗ್ಗದ ಕುಣಿಕೆಗಳು ಅಲಂಕಾರಕ್ಕಲ್ಲ. ತಯಾರಕರು ಹೇಳುವ ಗಟ್ಟಿತನ ಎಲ್ಲ ಹಗ್ಗಗಳನ್ನೂ ಎಳೆದು ಕಟ್ಟಿದಾಗ ಸಿಗುವಂಥದ್ದು. ಜೊತೆಗೆ ಬರುವ ತೆಳ್ಳನೆಯ ತಂತಿಗೂಟಗಳು ಹುಲ್ಲುನೆಲಕ್ಕೆ ಸಾಕು. ಲಡಾಖಿನ ಕಲ್ಲುನೆಲದಲ್ಲಿ ಗೂಟ ಇಳಿಯುವುದೇ ಇಲ್ಲ, ಹಗ್ಗಗಳನ್ನು ದೊಡ್ಡ ಬಂಡೆಗಳಿಗೆ ಬಿಗಿಯಬೇಕು. ಹಿಮದಲ್ಲೂ ಮರಳಿನಲ್ಲೂ ಚೀಲಕ್ಕೆ ಹಿಮವನ್ನೋ ಮರಳನ್ನೋ ತುಂಬಿ, ಅದಕ್ಕೆ ಹಗ್ಗ ಕಟ್ಟಿ ಹೂತು ಮೇಲೆ ತುಳಿದರೆ ಯಾವ ಗೂಟಕ್ಕೂ ಕಡಿಮೆಯಿಲ್ಲದ ಹಿಡಿತ ಸಿಗುತ್ತದೆ.

ಪೋಲ್ ಅಲ್ಯೂಮಿನಿಯಂನದಾಗಿರಲಿ. ಫೈಬರ್‌ಗ್ಲಾಸ್ ಪೋಲ್ ಸೀಳಿ ಮುರಿಯುತ್ತದೆ, ಚೂಪಾದ ಆ ತುದಿ ಬಟ್ಟೆಯನ್ನೂ ಹರಿಯುತ್ತದೆ. ಅಲ್ಯೂಮಿನಿಯಂ ಹೆಚ್ಚಾಗಿ ಬಾಗುತ್ತದೆ. ಬಾಗಿದ ಕಡೆ ಮೇಲಿನಿಂದ ಒಂದು ತುಂಡು ಕೊಳವೆ ತೊಡಿಸಿ ಟೇಪ್ ಸುತ್ತಿದರೆ ರಾತ್ರಿ ಕಳೆಯುತ್ತದೆ. ಆಕಾರದಲ್ಲಿ, ಪೋಲ್‌ಗಳು ಹಲವು ಕಡೆ ಒಂದನ್ನೊಂದು ದಾಟುವ ಗುಮ್ಮಟಕ್ಕೆ ಹಿಮದ ಭಾರ ಹೊರುವ ಶಕ್ತಿ ಹೆಚ್ಚು, ಗಾಳಿ ದಿಕ್ಕು ಬದಲಿಸಿದರೂ ತಡೆಯುತ್ತದೆ. ಸುರಂಗದಾಕಾರದ್ದು ಹಗುರ, ಒಳಗೆ ಜಾಗವೂ ಹೆಚ್ಚು. ಅದರ ಕಿರಿದಾದ ತುದಿ ಗಾಳಿಗೆ ಮುಖ ಮಾಡಿರಬೇಕು, ಗೂಟಗಳು ಕೈಕೊಡಬಾರದು.

ತಪ್ಪು ಕಲ್ಪನೆ: ಗಟ್ಟಿ ಟೆಂಟು ಬೆಚ್ಚಗಿರುತ್ತದೆ, ಸಾಲದಿದ್ದರೆ ಒಳಗೆ ಸ್ಟೌ ಹಚ್ಚಿದರಾಯಿತು

ಗಾಳಿಯನ್ನು ತಡೆಯುವುದರಿಂದ ಒಳಗೆ ಕೆಲವು ಡಿಗ್ರಿ ವ್ಯತ್ಯಾಸ ಕಂಡೀತು, ಅಷ್ಟೇ. ಬೆಚ್ಚಗಿಡುವುದು ಸ್ಲೀಪಿಂಗ್ ಬ್ಯಾಗು ಮತ್ತು ಅದರಡಿಯ ಮ್ಯಾಟು. ನೆಲ ಎಳೆದುಕೊಳ್ಳುವ ಶಾಖವನ್ನು ಮ್ಯಾಟ್ ಎಷ್ಟು ತಡೆಯುತ್ತದೆ ಎಂಬುದಕ್ಕೆ ‘ಆರ್ ವ್ಯಾಲ್ಯೂ’ ಎಂಬ ಅಳತೆಯಿದೆ; ಹಿಮದ ಮೇಲೆ ಮಲಗುವವರು 5ರ ಆಸುಪಾಸಿನದನ್ನು ಹುಡುಕಬೇಕು. ಟೆಂಟಿಗೆ ಸಾವಿರಾರು ರೂಪಾಯಿ ಸುರಿದು ಯೋಗದ ಚಾಪೆಯ ಮೇಲೆ ಮಲಗಿದರೆ ನಿದ್ದೆ ಬರುವುದಿಲ್ಲ.

ಇನ್ನು ಸ್ಟೌ, ಗ್ಯಾಸ್ ಹೀಟರ್, ಕೆಂಡದ ಅಗ್ಗಿಷ್ಟಿಕೆ. ಮಲಗುವ ಟೆಂಟಿನೊಳಗೆ ಇವುಗಳಿಗೆ ಜಾಗವಿಲ್ಲ. ಇವುಗಳಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನ ರೆಸಾರ್ಟೊಂದರಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದ್ದ ಕೇರಳದ ಎಂಟು ಪ್ರವಾಸಿಗರು ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಅದು ವಿಶಾಲವಾದ ಕೋಣೆ. ಟೆಂಟಿನೊಳಗಿನ ಗಾಳಿ ಅದರ ಒಂದು ಸಣ್ಣ ಪಾಲು; ಬೆಂಕಿ ಹತ್ತಿಕೊಂಡರೆ ನೈಲಾನ್ ಕರಗಿ ಮೈಗೇ ಅಂಟುತ್ತದೆ. ಹಿಮ ಸುರಿಯುವ ರಾತ್ರಿ ಕಿಂಡಿಗಳು ಹೂತುಹೋಗಿ ಸ್ಟೌ ಇಲ್ಲದೆಯೂ ಉಸಿರು ಕಟ್ಟಬಹುದು. ಎರಡು ಮೂರು ಗಂಟೆಗೊಮ್ಮೆ ಎದ್ದು ಒಳಗಿನಿಂದ ಗೋಡೆ ತಟ್ಟಿ ಹಿಮ ಉದುರಿಸಬೇಕು, ಕಿಂಡಿ ಬಿಡಿಸಬೇಕು. ಬೇಸರದ ಕೆಲಸ, ಆದರೂ ತಪ್ಪಿಸುವಂತಿಲ್ಲ.

ತಪ್ಪು ಕಲ್ಪನೆ: ಸುತ್ತ ಕಾಲುವೆ ತೋಡಿ, ಕೆಳಗೆ ದೊಡ್ಡ ಟಾರ್ಪಾಲಿನ್ ಹಾಸಿದರೆ ನೀರು ಬರುವುದಿಲ್ಲ

ಟೆಂಟಿನಡಿಯಿಂದ ಹೊರಚಾಚಿದ ಟಾರ್ಪಾಲಿನ್ ಮಳೆನೀರನ್ನು ಹಿಡಿದು ನೇರವಾಗಿ ಬೆನ್ನಿನ ಕೆಳಗೇ ತರುತ್ತದೆ. ಹಾಸುವುದಾದರೆ ಟೆಂಟಿನ ಅಳತೆಗಿಂತ ಎಲ್ಲ ಕಡೆಯೂ ಕೊಂಚ ಒಳಗಿರುವಂತೆ ಹಾಸಿ. ಕಾಲುವೆ ತೋಡುವುದಂತೂ ಬೇಡವೇ ಬೇಡ. ಎತ್ತರದ ಹುಲ್ಲುಗಾವಲಿನ ಹುಲ್ಲುಹಾಸು ಒಮ್ಮೆ ಕಿತ್ತುಬಂದರೆ ಮತ್ತೆ ಕೂಡಿಕೊಳ್ಳಲು ವರ್ಷಗಳೇ ಬೇಕು. ಉತ್ತರಾಖಂಡದ ಹೈಕೋರ್ಟ್ 2018ರಲ್ಲಿ ಬುಗ್ಯಾಲ್ ಎಂಬ ಇಂಥ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸುವ ಮಟ್ಟಿಗೆ ಆ ನೆಲ ಸವೆದಿತ್ತು. ಕೊಂಚ ಎತ್ತರದ, ನೀರು ತಾನಾಗಿ ಹರಿದುಹೋಗುವ ಜಾಗ ಹುಡುಕಿಕೊಂಡರೆ ಗುದ್ದಲಿಯ ಕೆಲಸವೇ ಇಲ್ಲ. ತಂಪು ಗಾಳಿಯೂ ತಗ್ಗಿಗೇ ಇಳಿದು ನಿಲ್ಲುವುದರಿಂದ ಅಂಥ ಜಾಗ ಬೆಚ್ಚಗೂ ಇರುತ್ತದೆ. ಒಣಗಿದ ಕೊಂಬೆಗಳ ಕೆಳಗೆ, ಹಿಮ ಕುಸಿಯುವ ಇಳಿಜಾರಿನ ಬುಡದಲ್ಲಿ ಟೆಂಟು ಎಷ್ಟೇ ಬೆಲೆಬಾಳಲಿ, ಹಾಕಕೂಡದು.

ತಪ್ಪು ಕಲ್ಪನೆ: ಒಳ್ಳೆಯ ಟೆಂಟು ಜೀವಮಾನಕ್ಕೆ ಒಂದು

ಅಟ್ಟದ ಮೇಲೆ ಒದ್ದೆಯಾಗಿಯೇ ಸುತ್ತಿಟ್ಟರೆ ಮಲೆನಾಡಿನ ಒಂದು ಮಳೆಗಾಲ ಸಾಕು. ತೇವಕ್ಕೆ ಪಾಲಿಯುರಿಥೇನ್ ಲೇಪನ ಮುರಿದು ಅಂಟಂಟಾಗುತ್ತದೆ, ಮುಗ್ಗಲು ನಾತ ಹೊಡೆಯುತ್ತದೆ, ಆಮೇಲೆ ರಿಪೇರಿಯಿಲ್ಲ. ನೆರಳಿನಲ್ಲಿ ಪೂರ್ತಿ ಒಣಗಿಸಿ ಹತ್ತಿಯ ಚೀಲದಲ್ಲಿ ಸಡಿಲವಾಗಿ ಇಡಿ. ಎತ್ತರದ ಊರುಗಳ ಬಿಸಿಲು ನೈಲಾನನ್ನು ಬೇಗ ದುರ್ಬಲಗೊಳಿಸುತ್ತದೆ. ಹಗಲಿಡೀ ಬೇಡದಿದ್ದರೆ ಬಿಚ್ಚಿಡುವುದು ಲೇಸು.

ತಪ್ಪು ಕಲ್ಪನೆ: ಶಿಬಿರದಲ್ಲಿ ಗಟ್ಟಿ ಟೆಂಟಿದೆ, ಇನ್ನು ಭಯವಿಲ್ಲ

2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಸರೋವರಕ್ಕೆ ಹೋಗಿದ್ದ ತಂಡವೊಂದು ಹಿಮಗಾಳಿಗೆ ಸಿಕ್ಕಿ, ಕರ್ನಾಟಕದ ಒಂಬತ್ತು ಮಂದಿ ಚಾರಣಿಗರು ತೀರಿಕೊಂಡರು. ಸರೋವರ ನೋಡಿ ಶಿಬಿರಕ್ಕೆ ಮರಳುವ ದಾರಿಯಲ್ಲಿ, ಬಯಲಿನಲ್ಲಿ ಹವೆ ಕೆಟ್ಟಿತ್ತು. ಆ ಸುದ್ದಿ ಕೇಳಿದ ಕನ್ನಡದ ಚಾರಣಿಗರು ಯಾರೂ ಅದನ್ನು ಮರೆತಿಲ್ಲ. ಹಿಮಾಲಯದಲ್ಲಿ ದಿನದ ಅತಿ ಎತ್ತರದ, ಅತಿ ಬಯಲಾದ ಗಂಟೆಗಳನ್ನು ನಾವು ಕಳೆಯುವುದು ಟೆಂಟನ್ನು ಕೆಳಗೆ ಬಿಟ್ಟು, ಸಣ್ಣ ಚೀಲವೊಂದನ್ನು ಹೊತ್ತು. ಆ ಹೊತ್ತಿಗೆ ಶಿಬಿರದ ಟೆಂಟು ಎಷ್ಟು ಪೋಲ್‌ಗಳದಾದರೂ ಒಂದೇ.

ಅಂಥ ದಿನಗಳಿಗೆಂದೇ ಬೆಟ್ಟದವರು ಒಯ್ಯುವ ವಸ್ತುವೊಂದಿದೆ, ಗ್ರೂಪ್ ಶೆಲ್ಟರ್ ಎಂದು ಹೆಸರು. ಪೋಲ್ ಇಲ್ಲ, ಗೂಟ ಇಲ್ಲ. ನೀರು ಗಾಳಿ ನುಗ್ಗದ ಬಟ್ಟೆಯ ದೊಡ್ಡ ಚೀಲ. ಎಲ್ಲರೂ ಅದನ್ನು ತಲೆಯ ಮೇಲೆ ಎಳೆದುಕೊಂಡು, ಅಂಚನ್ನು ಕೂತಲ್ಲೇ ಅದುಮಿ, ಮೈಗೆ ಮೈ ತಾಗಿಸಿ ಕುಳಿತರೆ ಕೆಲವೇ ನಿಮಿಷಗಳಲ್ಲಿ ಒಳಗೆ ಚಳಿ ಮುರಿಯುತ್ತದೆ. ಸುಸ್ತಾದವರಿಗೆ ಒಣಬಟ್ಟೆ ತೊಡಿಸಬಹುದು, ತಿನ್ನಿಸಬಹುದು. ನಾಲ್ವರಿಗೆ ಸಾಲುವ ಚೀಲ ಸುಮಾರು ಅರ್ಧ ಕಿಲೋ ತೂಗುತ್ತದೆ. ಟೆಂಟಿಗೆ ದುಡ್ಡು ಕೂಡಿಸುವಾಗಲೇ ಇದಕ್ಕೂ ಸ್ವಲ್ಪ ಎತ್ತಿಡಿ. ಬೆಳಗಿನ ಜಾವ ಶಿಖರಕ್ಕೆ ಹೊರಡುವ ಮುನ್ನ ಅದು ಯಾರ ಬೆನ್ನಚೀಲದಲ್ಲಿದೆ ಎಂಬುದು ತಂಡದ ಪ್ರತಿಯೊಬ್ಬರಿಗೂ ಗೊತ್ತಿರಬೇಕು.