ಹತ್ತು ರೂಪಾಯಿ ಬೋಲ್ಟಿಗೆ ಇಂಜಿನ್ ಕಳಕೊಳ್ಳಬೇಡಿ

ನಮ್ಮದು ದೇವದುರ್ಗ ತಾಲ್ಲೂಕಿನ ಎರಿ ಹೊಲ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಹತ್ತಿ, ತೊಗರಿ, ಜೋಳ, ಇಷ್ಟೇ ನಮ್ಮ ಬದುಕು. ಮಾನ್ವಿ ಕಡೆಯ ನಮ್ಮ ಷಡ್ಡಕರದು ಕಾಲುವೆ ನೀರಿನ ಭತ್ತದ ಗದ್ದೆ. ಇಬ್ಬರೂ ಸೇರಿ ಪಾಲಿನಲ್ಲಿ ಒಂದು ಹಳೇ ಟಾಟಾ ಲಾರಿ ತಗೊಂಡಿದ್ವಿ. ನಮ್ಮ ಹತ್ತಿ, ಅವರ ಭತ್ತ, ನಡುನಡುವೆ ಊರವರ ಬಾಡಿಗೆ. ಲಾರಿ ಹಳೇದಾದರೂ ಎರಡು ಮನೆಗೆ ಅನ್ನ ಹಾಕುತ್ತಿತ್ತು.

2019ರ ಡಿಸೆಂಬರ್. ಹತ್ತಿ ಹೇರಿಕೊಂಡು ರಾತ್ರಿ ರಾಯಚೂರು ಎಪಿಎಂಸಿಗೆ ಹೊರಟಿದ್ವಿ. ಗಬ್ಬೂರು ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಏರತೊಡಗಿತು. ನಿಲ್ಲಿಸಿ ಬ್ಯಾಟರಿ ಹಾಕಿ ನೋಡಿದರೆ ವಾಟರ್ ಪಂಪಿನ ಬುಡದಿಂದ ನೀರು ಸೋರುತ್ತಿತ್ತು. ಈ ಪಂಪಿಗೆ ಲಾರಿಯವರು 'ವಾಟರ್ ಬಾಡಿ' ಅಂತಾರೆ. ಅದರ ಒಂದು ಬೋಲ್ಟು ಎಲ್ಲೋ ಬಿದ್ದುಹೋಗಿತ್ತು.

ಟೂಲ್ ಪೆಟ್ಟಿಗೆಯಲ್ಲಿ ಕೈಯಾಡಿಸಿದೆ. ಅಂಥದ್ದೇ ಒಂದು ಬೋಲ್ಟು ಸಿಕ್ಕಿತು. ದಪ್ಪ ಅಷ್ಟೇ, 13 ನಂಬರ್ ಪಾನಾನೂ ಕೂತಿತು. ಎರಡು ಸುತ್ತು ಕೈಯಲ್ಲೇ ಹೋಯಿತು, ಆಮೇಲೆ ಬಿಗಿಯಾಯಿತು. 'ತುಕ್ಕು ಹಿಡಿದಿರಬೇಕು' ಅಂದುಕೊಂಡು ಪಾನಾಕ್ಕೆ ಪೈಪು ಸಿಕ್ಕಿಸಿ ತಿರುವಿಬಿಟ್ಟೆ. ಸೋರುವುದು ನಿಂತಿತು. ನಾನೇ ದೊಡ್ಡ ಮೆಕ್ಯಾನಿಕ್ ಅಂತ ಬೀಗಿದೆ.

ರಾಯಚೂರು ಇನ್ನೇನು ಬಂತು ಅನ್ನುವಾಗ ಬೋಲ್ಟು ಎಳೆ ಸಮೇತ ಕಿತ್ತು ಬಂತು. ಪಂಪು ವಾಲಿತು, ನೀರೆಲ್ಲ ಖಾಲಿ. ನೀರು ಹೋದ ಮೇಲೆ ಮುಳ್ಳನ್ನೂ ನಂಬಬಾರದು ಅಂತ ಆಗ ಗೊತ್ತಿರಲಿಲ್ಲ. ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿದ್ವಿ. ಹೆಡ್ ಗ್ಯಾಸ್ಕೆಟ್ ಸುಟ್ಟಿತು, ಹೆಡ್ ಸೊಟ್ಟಾಯಿತು. ಗಾಬರಿಯಲ್ಲಿ ರೇಡಿಯೇಟರ್ ಮುಚ್ಚಳ ತೆಗೆಯಲು ಹೋದ ಅಳಿಯನ ಮುಂಗೈ ಸುಟ್ಟಿತು. ಆ ಕಲೆ ಈಗಲೂ ಇದೆ. ಹೆಡ್ ಕೆಲಸಕ್ಕೆ 28 ಸಾವಿರ ಹೋಯಿತು. ಮುಂಗಾರಿನ ಬೀಜ-ಗೊಬ್ಬರಕ್ಕೆ ಅಂತ ಎತ್ತಿಟ್ಟ ದುಡ್ಡು ಅದು.

ಅಣ್ಣ-ತಮ್ಮನಂಥ ಎರಡು ಬೋಲ್ಟು

ರಾಯಚೂರಿನ ಉಸ್ತಾದರು ನಾನು ಹಾಕಿದ ಬೋಲ್ಟನ್ನೂ ಉಳಿದ ಬೋಲ್ಟುಗಳಲ್ಲಿ ಒಂದನ್ನೂ ಬಿಳೀ ಕಾಗದದ ಮೇಲೆ ಜೋಡಿಸಿಟ್ಟು ತೋರಿಸಿದರು.

"ಯಜಮಾನ್ರ, ಇದು ಎಂಎಂದು, ಅದು ಇಂಚಿಂದು. ಅಣ್ಣ-ತಮ್ಮ ಇದ್ದಂಗ ಕಾಣ್ತಾವ. ಆದ್ರ ಒಂದೇ ಮನ್ಯಾಗ ಇರಂಗಿಲ್ಲ ನೋಡ್ರಿ."

ವಿಷಯ ಇಷ್ಟೇ. 8 ಎಂಎಂ ಬೋಲ್ಟಿನ ದಪ್ಪ 8 ಎಂಎಂ. ಇಂಚಿನ ಲೆಕ್ಕದ 5/16 ಬೋಲ್ಟಿನ ದಪ್ಪ 7.94 ಎಂಎಂ. ಕಣ್ಣಿಗೆ ವ್ಯತ್ಯಾಸವೇ ತಿಳಿಯದು. 8 ಎಂಎಂ ಬೋಲ್ಟಿನ ತಲೆಗೆ 13 ನಂಬರ್ ಪಾನಾ. 5/16ರ ತಲೆಗೆ ಅರ್ಧ ಇಂಚಿನ ಪಾನಾ, ಅಂದರೆ 12.7 ಎಂಎಂ. ಹಾಗಾಗಿ 13 ನಂಬರ್ ಅದಕ್ಕೂ ಕೂತುಬಿಡುತ್ತದೆ. ಬೇರೆ ಇರುವುದು ಎಳೆಯ ಅಂತರ. ಅದು ಹೊಂದದಿದ್ದರೆ ಎರಡು ಸುತ್ತಿಗೇ ಬಿಗಿಯುತ್ತದೆ. ಒತ್ತಾಯ ಮಾಡಿದರೆ ಒಳಗಿನ ಎಳೆ ಹರಿಯುತ್ತದೆ.

ಹಳೇ ಲಾರಿಯಲ್ಲಿ ಈ ಕಲಬೆರಕೆ ಹೆಚ್ಚು. ಟಾಟಾದವರು 1954ರಲ್ಲಿ ಜರ್ಮನಿಯ ಬೆಂಜ್ ಕಂಪನಿ ಜೊತೆ ಸೇರಿ ಲಾರಿ ಮಾಡಲು ಶುರು ಮಾಡಿದರು, ಅದು ಎಂಎಂ ಲೆಕ್ಕ. ಲೇಲ್ಯಾಂಡ್ ಇಂಗ್ಲೆಂಡಿನ ಮೂಲದ್ದು, ಅದರ ಹಳೇ ಗಾಡಿಗಳಲ್ಲಿ ಇಂಚಿನ ಬೋಲ್ಟು ಸಿಗುತ್ತವೆ. ಇಪ್ಪತ್ತು-ಮೂವತ್ತು ವರ್ಷ ಹತ್ತು ಜನರ ಕೈ ದಾಟಿ ಬಂದ ಗಾಡಿಯಲ್ಲಿ ಯಾರು ಎಲ್ಲಿ ಯಾವುದು ಹಾಕಿದ್ದಾರೋ! ಆದ್ದರಿಂದ ಗಾಡಿಯ ಹೆಸರು ನಂಬಬೇಡಿ, ಅಳತೆ ನಂಬಿ.

ಮೊದಲು ಸೋರುವ ಜಾಗ ಹುಡುಕಿ

ನೀರು ಕಂಡ ತಕ್ಷಣ ಬೋಲ್ಟು ಬಿಗಿಯಲು ಹೋಗಬೇಡಿ. ತಣ್ಣಗಿನ ಇಂಜಿನ್ನಿನಲ್ಲಿ ಪಂಪನ್ನು ಬಟ್ಟೆಯಿಂದ ಒರೆಸಿ, ಚಾಲೂ ಮಾಡಿ, ಬೆಲ್ಟು-ಫ್ಯಾನಿಗೆ ಕೈ, ಟವೆಲ್ಲು, ಲುಂಗಿ ತಾಗದಂತೆ ದೂರ ನಿಂತು ನೋಡಿ.

ಪಂಪಿನ ಹೊಟ್ಟೆಯ ಕೆಳಗೆ ಸಣ್ಣ ತೂತು ಇರುತ್ತದೆ. ಅಲ್ಲಿಂದ ಹನಿ ಬಿದ್ದರೆ ಒಳಗಿನ ಸೀಲು ಹೋಗಿದೆ ಅಂತ ಅರ್ಥ. ಎಷ್ಟು ಬೋಲ್ಟು ಬಿಗಿದರೂ ನಿಲ್ಲದು, ಪಂಪನ್ನೇ ರಿಪೇರಿ ಮಾಡಿಸಬೇಕು. ಆ ತೂತಿಗೆ ಎಂಸೀಲ್ ಮೆತ್ತುವವರಿದ್ದಾರೆ. ಮೆತ್ತಿದರೆ ನೀರು ಬೇರಿಂಗಿಗೆ ನುಗ್ಗುತ್ತದೆ. ಇಂಜಿನ್ ಬಂದ್ ಮಾಡಿ ಫ್ಯಾನ್ ಹಿಡಿದು ಅಲ್ಲಾಡಿಸಿ. ಲಟಲಟ ಅಂದರೆ ಬೇರಿಂಗ್ ಹೋಗಿದೆ. ಹಾಗೇ ಓಡಿಸಿದರೆ ಫ್ಯಾನ್ ಹೋಗಿ ರೇಡಿಯೇಟರಿಗೇ ಬಡಿಯುತ್ತದೆ.

ಪಂಪು ಇಂಜಿನ್ನಿಗೆ ಕೂಡುವ ಸಂದಿಯಿಂದ ಸೋರಿದರೆ ಮಾತ್ರ ಅದು ಬೋಲ್ಟು ಅಥವಾ ಗ್ಯಾಸ್ಕೆಟ್ಟಿನ ಕೆಲಸ. ಬೋಲ್ಟಿನ ತಲೆಯ ಸುತ್ತ ಬಿಳೀ ಉಪ್ಪು, ತುಕ್ಕಿನ ಗೆರೆ ಇದ್ದರೆ ಅದೇ ಗುರುತು.

ಬಿಚ್ಚುವಾಗ

ಇಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿ ವೈರ್ ತೆಗೆಯಿರಿ, ಚಕ್ರಕ್ಕೆ ಕಲ್ಲು ಕೊಡಿ, ನೀರು ಬಸಿದು ಬೆಲ್ಟು ಬಿಚ್ಚಿ. ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಇಲ್ಲವಾದರೆ ಡೀಸೆಲ್ ಆದರೂ ಆದೀತು. ಬೆಳಿಗ್ಗೆ ತಲೆಯ ಮೇಲೆ ಸುತ್ತಿಗೆಯಿಂದ ಹಗುರಾಗಿ ನಾಲ್ಕು ಏಟು ಕೊಟ್ಟರೆ ಹಿಡಿತ ಸಡಿಲಾಗುತ್ತದೆ. ಬಾಯಿ ಬಿಟ್ಟ ಪಾನಾ ಬೇಡ, ರಿಂಗ್ ಪಾನಾ ಅಥವಾ ಬಾಕ್ಸ್ ಪಾನಾ ಹಾಕಿ. ಬಾಯಿ ಪಾನಾ ಜಾರಿ ತಲೆ ದುಂಡಾದರೆ ಕಷ್ಟ. ಬಾರದಿದ್ದರೆ ಕಾಲು ಸುತ್ತು ಬಿಚ್ಚಿ, ಮತ್ತೆ ಒಳಗೆ ಬಿಟ್ಟು, ಮತ್ತೆ ಬಿಚ್ಚಿ. ಜಗ್ಗಾಡಿದರೆ ಬರುತ್ತದೆ, ಜಬರ್ದಸ್ತಿ ಮಾಡಿದರೆ ತುಂಡಾಗುತ್ತದೆ.

ಬೋಲ್ಟುಗಳನ್ನು ತಟ್ಟೆಗೆ ಸುರಿಯಬೇಡಿ. ಒಂದೇ ಪಂಪಿನಲ್ಲಿ ಉದ್ದ-ಗಿಡ್ಡ ಎರಡೂ ಇರುತ್ತವೆ. ಹಳೇ ರಟ್ಟಿನ ಮೇಲೆ ಪಂಪಿನ ಚಿತ್ರ ಗೀಚಿ, ಯಾವ ತೂತಿನದ್ದು ಅಲ್ಲೇ ಚುಚ್ಚಿಡಿ. ಯಾವ ಬೋಲ್ಟು ತೆಗೆದಾಗ ತೂತಿನಿಂದ ನೀರು ಬಂತೋ ಅದಕ್ಕೊಂದು ಗುರುತು ಮಾಡಿ. ಅದರ ತುದಿ ಇಂಜಿನ್ನಿನ ನೀರಿನೊಳಗೇ ಇರುತ್ತದೆ.

ತುಂಡಾದರೆ ಹೆದರಬೇಡಿ. ತುಣುಕು ಹೊರಗೆ ಚಾಚಿದ್ದರೆ ಅದರ ಮೇಲೊಂದು ನಟ್ಟು ಇಟ್ಟು ವೆಲ್ಡಿಂಗ್ ಮಾಡಿ ತಿರುಗಿಸುತ್ತಾರೆ. ವೆಲ್ಡಿಂಗ್ ಬಿಸಿಗೇ ತುಕ್ಕು ಬಿಡುತ್ತದೆ. ಒಳಗೇ ಮುರಿದಿದ್ದರೆ ಸರಿಯಾಗಿ ನಡುವೆ ಡ್ರಿಲ್ ಹೊಡೆದು ತೆಗೆಯಬೇಕು. ಈ ಕೆಲಸ ಲೇಥಿನವರಿಗೆ ಬಿಡಿ. ಡ್ರಿಲ್ ಓರೆಯಾದರೆ ತೂತೇ ಕೆಡುತ್ತದೆ. ಎಣ್ಣೆ, ಡೀಸೆಲ್ ಹಾಕಿದ ಜಾಗವನ್ನು ಒರೆಸದೆ ಬೆಂಕಿ ಹತ್ತಿರ ತರಬೇಡಿ.

ಅಂಗಡಿಗೆ ಹೋಗುವ ಮುಂಚೆ ನಾಲ್ಕು ಅಳತೆ

ಮೊದಲನೆಯದು ದಪ್ಪ. ವರ್ನಿಯರ್ ಇದ್ದರೆ ಚೆಂದ, ಇಲ್ಲದಿದ್ದರೆ ಅಂಗಡಿಯಲ್ಲೇ ಅಳೆಸಿ. ಎಳೆಯ ಮೇಲೆ ಅಳೆಯಬೇಕು, ತಲೆಯ ಮೇಲಲ್ಲ.

ಎರಡನೆಯದು ಎಳೆಯ ಅಂತರ. ಇದಕ್ಕೆ ಶಾಲೆ ಮಕ್ಕಳ ಸ್ಕೇಲು ಸಾಕು. ಬೋಲ್ಟನ್ನು ಕಾಗದದ ಮೇಲೆ ಒತ್ತಿ ಅಚ್ಚು ತೆಗೆಯಿರಿ. ಒಂದನೇ ಎಳೆಯಿಂದ ಹನ್ನೊಂದನೇ ಎಳೆಗೆ ಅಳೆಯಿರಿ. ಸಾಮಾನ್ಯ 8 ಎಂಎಂ ಬೋಲ್ಟಾದರೆ 12.5 ಎಂಎಂ ಬರುತ್ತದೆ, ಸಾಮಾನ್ಯ 10 ಎಂಎಂ ಬೋಲ್ಟಾದರೆ 15. ಇಂಚಿನ 5/16 ಬೋಲ್ಟಿನಲ್ಲಿ ದಪ್ಪ ಎಳೆಯದ್ದು 14ರ ಮೇಲೆ ಸ್ವಲ್ಪ, ಸಣ್ಣ ಎಳೆಯದ್ದು ಹತ್ತೂವರೆ. ಇನ್ನೊಂದು ಉಪಾಯ: ಹಳೇದು ಹೊಸದು ಎರಡರ ಎಳೆಗಳನ್ನು ಒಂದಕ್ಕೊಂದು ಕೂಡಿಸಿ ಬೆಳಕಿಗೆ ಹಿಡಿಯಿರಿ. ಉದ್ದಕ್ಕೂ ಹಲ್ಲು ಕಚ್ಚಿಕೊಂಡು ಸಂದಿ ಕಾಣದಿದ್ದರೆ ಜೋಡಿ ಸರಿ.

ಮೂರನೆಯದು ಉದ್ದ. ತಲೆಯನ್ನು ಬಿಟ್ಟು, ತಲೆಯ ಕೆಳಗಿನಿಂದ ತುದಿಯ ತನಕ. ಗಿಡ್ಡ ಹಾಕಿದರೆ ನಾಲ್ಕೇ ಎಳೆ ಹಿಡಿದು ಕಿತ್ತು ಬರುತ್ತದೆ. ಉದ್ದ ಹಾಕಿದರೆ ತೂತಿನ ತಳ ಮುಟ್ಟಿ ಬಿಗಿಯಾದಂತೆ ಅನ್ನಿಸುತ್ತದೆ, ಪಂಪು ಮಾತ್ರ ಸಡಿಲ. ಇನ್ನೂ ತಿರುವಿದರೆ ಬೀಡು ಸೀಳುತ್ತದೆ. ತೂತಿಗೆ ಕಡ್ಡಿ ಬಿಟ್ಟು ಆಳ ನೋಡಿ. ಗ್ಯಾಸ್ಕೆಟ್ ಇಟ್ಟ ಪಂಪಿನಿಂದ ಹೊರಗೆ ಚಾಚುವ ಎಳೆ ಆ ಆಳಕ್ಕಿಂತ ಎರಡು-ಮೂರು ಎಂಎಂ ಕಡಿಮೆ ಇರಬೇಕು. 8 ಎಂಎಂ ಬೋಲ್ಟು ಬೀಡಿನೊಳಗೆ ಕನಿಷ್ಠ 12 ಎಂಎಂ ಆದರೂ ಹಿಡಿದಿರಬೇಕು.

ನಾಲ್ಕನೆಯದು ತಲೆಯ ಮೇಲಿನ ಗುರುತು. ಎಂಎಂ ಬೋಲ್ಟಿಗೆ 8.8 ಅಂತ ಕೆತ್ತಿರುತ್ತದೆ. ಅದೇ ಬಲದ ಇಂಚಿನ ಬೋಲ್ಟಿನ ತಲೆಯಲ್ಲಿ ಮೂರು ಗೆರೆ. ಗುರುತೇ ಇಲ್ಲದ್ದು ಗೇಟಿಗೆ, ಚಾವಣಿಗೆ ಆಗುವಂಥದ್ದು, ಇಂಜಿನ್ನಿಗಲ್ಲ. ಹಳೇ ಬೋಲ್ಟಿನ ಮೇಲೆ ಯಾವ ಗುರುತಿತ್ತೋ ಅದನ್ನೇ ಕೇಳಿ. ಕೈಯಲ್ಲಿ ಹಳೇ ಬೋಲ್ಟು ಹಿಡಿದುಕೊಂಡೇ ಹೋಗಿ.

ಕೂಡಿಸುವಾಗ

ಹಳೇ ಗ್ಯಾಸ್ಕೆಟ್ಟನ್ನು ಬ್ಲೇಡಿನಿಂದ ಪೂರ್ತಿ ಕೆರೆಯಿರಿ, ಗೀರು ಬೀಳಿಸಬೇಡಿ. ತೂತುಗಳ ಒಳಗಿನ ಕಸ, ನೀರು ತೆಗೆಯಿರಿ. ತೂತಿನಲ್ಲಿ ನೀರು ನಿಂತಿದ್ದರೂ ಬೋಲ್ಟು ಕೂಡದು. ಗುರುತು ಮಾಡಿದ ನೀರಿನ ಬೋಲ್ಟಿನ ಎಳೆಗೆ ಶೆಲಾಕ್ ಹಚ್ಚಿ, ಇಲ್ಲದಿದ್ದರೆ ಎಳೆಯ ಸಂದಿಯಿಂದಲೇ ಜಿನುಗುತ್ತದೆ.

ಎಲ್ಲಾ ಬೋಲ್ಟುಗಳನ್ನೂ ಮೊದಲು ಬೆರಳಿನಲ್ಲೇ ತಿರುವಿ. ಕನಿಷ್ಠ ನಾಲ್ಕೈದು ಸುತ್ತು ಬೆರಳಿಗೆ ಹೋಗದ ಬೋಲ್ಟನ್ನು ಪಾನಾದಿಂದ ಹಾಕಬೇಡಿ. ನಾನು ತಪ್ಪಿದ್ದು ಇಲ್ಲೇ. ಆಮೇಲೆ ಒಂದರ ಎದುರಿಗೆ ಒಂದರಂತೆ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಬನ್ನಿ. 8 ಎಂಎಂ ಬೋಲ್ಟಿಗೆ ಸುಮಾರು 2 ಕೆಜಿ-ಮೀಟರ್ ಬಿಗಿ ಸಾಕು. ಅಳೆಯುವ ಪಾನಾ ಇಲ್ಲದಿದ್ದರೆ ಸಣ್ಣ ರಿಂಗ್ ಪಾನಾವನ್ನು ಮಣಿಕಟ್ಟಿನ ಬಲದಲ್ಲಿ ಬಿಗಿಯಿರಿ. ಪೈಪು ಸಿಕ್ಕಿಸುವ ಮಾತೇ ಬೇಡ. ಕಂಪನಿ ಪುಸ್ತಕ ಇದ್ದರೆ ಅದರ ಲೆಕ್ಕವೇ ಖರೆ.

ನೀರು ತುಂಬಿ, ಮುಚ್ಚಳ ತೆಗೆದಿಟ್ಟೇ ಸ್ವಲ್ಪ ಹೊತ್ತು ಸ್ಲೋದಲ್ಲಿ ಬಿಡಿ, ಗಾಳಿ ಹೊರಬರಲಿ. ನೀರು ಇಳಿದಷ್ಟು ತುಂಬಿ ಮುಚ್ಚಿ. ಒಂದು ಸಲ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಬಿಗಿ ಇನ್ನೊಮ್ಮೆ ನೋಡಿ.

ನಮ್ಮ ನೀರೇ ಬೋಲ್ಟಿನ ವೈರಿ

ಉಸ್ತಾದರು ಕೊನೆಗೆ ಕೇಳಿದ್ದು, "ಯಾವ ನೀರು ಹಾಕ್ತೀರಿ?" ಅಂತ. ಬೋರಿನದು ಅಂದೆ. ನಮ್ಮ ಜಿಲ್ಲೆಯ ಬೋರ್ ನೀರು ಬಹಳ ಕಡೆ ಗಡಸು, ಉಪ್ಪು. ಕುಡಿಯಲಿಕ್ಕೇ ಆಗದ ನೀರು ಇಂಜಿನ್ನಿಗೆ ಹೇಗೆ ಒಗ್ಗೀತು? ಒಳಗೆ ಸುಣ್ಣ ಕಟ್ಟುತ್ತದೆ, ಬೋಲ್ಟಿನ ತುದಿ ತುಕ್ಕಿಗೆ ಸವೆದು ಪೆನ್ಸಿಲ್ ಮೊನೆಯಂತಾಗುತ್ತದೆ. ಈಗ ನಾನು ಸೋಸಿದ ಮಳೆ ನೀರು ಅಥವಾ ಊರಿನ ಶುದ್ಧ ನೀರಿನ ಘಟಕದ ನೀರಿಗೆ ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿ ಕೂಲೆಂಟ್ ಬೆರೆಸಿ ಹಾಕುತ್ತೇನೆ. ಒಂದು ಎಚ್ಚರ: ಕೂಲೆಂಟ್ ಸಿಹಿ ಇರುತ್ತದೆ, ಆದರೆ ವಿಷ. ಬಸಿದದ್ದನ್ನು ದನ, ನಾಯಿ, ಮಕ್ಕಳ ಬಾಯಿಗೆ ಸಿಗುವಂತೆ ಬೋಗುಣಿಯಲ್ಲಿ ಬಿಡಬೇಡಿ.

ದಾರಿಯಲ್ಲಿ ಮುಳ್ಳು ಏರಿದರೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ. ಆರುವ ತನಕ ಮುಚ್ಚಳ ಮುಟ್ಟಬೇಡಿ. ಕೆಂಡದಂಥ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರಿಯುತ್ತದೆ.

ಈಗ ನಮ್ಮ ಲಾರಿಯಲ್ಲಿ ಒಂದು ತಗಡಿನ ಡಬ್ಬಿ ಇದೆ. ಅದರಲ್ಲಿ ಅಳತೆ ನೋಡಿ ತಂದ ಬೋಲ್ಟುಗಳು ಉದ್ದಕ್ಕೆರಡು, ಒಂದು ಗ್ಯಾಸ್ಕೆಟ್, ಶೆಲಾಕ್, ಒಂದು ಬೆಲ್ಟು, ಸ್ಕೇಲು. ಇಷ್ಟಕ್ಕೂ ಆದ ಖರ್ಚು ಒಂದು ದಿನದ ಬಾಡಿಗೆಯೂ ಅಲ್ಲ. ಪೆಟ್ಟಿಗೆಯಲ್ಲಿದ್ದ ಗುರುತು ಗೊತ್ತಿಲ್ಲದ ಬೋಲ್ಟುಗಳನ್ನೆಲ್ಲ ಗುಜರಿಗೆ ಹಾಕಿದೆ. ಬೋಲ್ಟು ಗುರುತಿಸುವ ಈ ರೀತಿ ಟ್ರ್ಯಾಕ್ಟರಿಗೂ ಡೀಸೆಲ್ ಇಂಜಿನ್ನಿಗೂ ಒಂದೇ. ಸುಗ್ಗಿ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಬಾನೆಟ್ ಎತ್ತಿ, ವಾಟರ್ ಬಾಡಿ ಬೋಲ್ಟುಗಳನ್ನು ಎಣಿಸಿ ನೋಡಿ. ಒಂದು ಕಡಿಮೆ ಇದ್ದರೆ ಮನೆಯ ಅಂಗಳದಲ್ಲೇ ಗೊತ್ತಾಗಲಿ, ಹತ್ತಿ ಹೇರಿದ ರಾತ್ರಿ ದಾರಿಯಲ್ಲಲ್ಲ.