ಸುಮ್ಮನಿದ್ದ ಕರುಳಿನ ಮೇಲೂ ಕಣ್ಣಿರಲಿ

ಭೇದಿ ನಿಂತಿದೆ, ರಕ್ತ ಬೀಳುತ್ತಿಲ್ಲ, ಊಟ ಸೇರುತ್ತಿದೆ. ಈಗ ಕೊಲೊನೋಸ್ಕೋಪಿ ಯಾಕೆ ಎಂದು ಅಲ್ಸರೇಟಿವ್ ಕೊಲೈಟಿಸ್ ರೋಗಿ ಕೇಳುವುದು ಸಹಜವೇ. ಆದರೆ ಅದಕ್ಕೆ ತಕ್ಕ ಕಾಲ ಇದೇ. ಉರಿಯೂತ ಕೆರಳಿದಾಗ ಜೀವಕೋಶಗಳ ರೂಪ ಹೇಗೂ ಕೆಟ್ಟಿರುತ್ತದೆ. ಅದು ಬರೀ ಉರಿಯೂತವೋ, ಕ್ಯಾನ್ಸರಿನ ಮುನ್ಸೂಚನೆಯೋ ಹೇಳುವುದು ಪೆಥಾಲಜಿಸ್ಟರಿಗೂ ಕಷ್ಟ.

ದೊಡ್ಡ ಕರುಳಿನ ಒಳಪದರ ವರ್ಷಗಟ್ಟಲೆ ಹುಣ್ಣಾಗಿ ಮಾಯುತ್ತಿದ್ದರೆ ಕೆಲವರಲ್ಲಿ ಕೋಶಗಳು ದಾರಿ ತಪ್ಪುತ್ತವೆ. ಇದೇ ಡಿಸ್‌ಪ್ಲೇಸಿಯ. ಕ್ಯಾನ್ಸರ್ ಅಲ್ಲ, ಅದರ ಹಿಂದಿನ ಮೆಟ್ಟಿಲು. ಗುದನಾಳದಿಂದ ತೆಗೆದ ಚೂರಿನಲ್ಲಿ ಈ ಬದಲಾವಣೆ ಕಂಡರೆ ಕರುಳಿನ ಬೇರೆಡೆ ಕ್ಯಾನ್ಸರ್ ಅಡಗಿರಬಹುದು ಎಂದು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮಾರ್ಸನ್ ಮತ್ತು ಪ್ಯಾಂಗ್ 1967ರಲ್ಲಿ ತೋರಿಸಿದರು.

ತೊಡಕೆಂದರೆ, ಇದು ಗಂಟಿನಂತೆ ಎದ್ದು ನಿಲ್ಲದೆ ಚಪ್ಪಟೆಯಾಗಿಯೂ ಇರಬಹುದು. ಅದಕ್ಕೇ ಪ್ರತಿ 10 ಸೆಂ.ಮೀ.ಗೆ 4ರಂತೆ, ಒಟ್ಟು 30ಕ್ಕೂ ಹೆಚ್ಚು ಚೂರು ತೆಗೆಯುವ ಕ್ರಮ ಬಂತು. ಒಂದು ಬಗೆಯ ಕತ್ತಲಲ್ಲಿನ ಹುಡುಕಾಟವೇ. ಈಗ ಇಂಡಿಗೊ ಕಾರ್ಮೈನ್ ಸಿಂಪಡಿಸಿಯೂ ನೋಡುತ್ತಾರೆ. ಜೀನ್ಸ್ ಬಟ್ಟೆಯ ನೀಲಿಗೆ ನೆಂಟನಾದ ಈ ಬಣ್ಣ ಒಳಪದರದ ತಗ್ಗುಗಳಲ್ಲಿ ನಿಂತು, ಬರಿಗಣ್ಣಿಗೆ ತಪ್ಪುವ ಅಂಚನ್ನು ಎತ್ತಿ ತೋರಿಸುತ್ತದೆ. ಅನುಮಾನ ಬಂದಲ್ಲಿಂದಲೇ ಚೂರು ತೆಗೆಯಬಹುದು.

ರೋಗ ಗುದನಾಳಕ್ಕಷ್ಟೇ ಸೀಮಿತವಾದವರಿಗೆ ಈ ಕಾವಲು ಸಾಮಾನ್ಯವಾಗಿ ಬೇಡ. ಉಳಿದವರಿಗೆ ಲಕ್ಷಣ ಶುರುವಾದ ಸುಮಾರು 8 ವರ್ಷಕ್ಕೆ ಮೊದಲ ಪರೀಕ್ಷೆ. ಆಮೇಲೆ ಅಪಾಯ ನೋಡಿ 1ರಿಂದ 5 ವರ್ಷಕ್ಕೊಮ್ಮೆ. ಪಿತ್ತನಾಳಗಳು ಗಡುಸಾಗಿ ಕಿರಿದಾಗುವ ಸ್ಕ್ಲೆರೋಸಿಂಗ್ ಕೊಲಾಂಜೈಟಿಸ್ ಜೊತೆಗಿದ್ದರೆ 8 ವರ್ಷ ಕಾಯುವಂತಿಲ್ಲ, ಅದು ಪತ್ತೆಯಾದಂದಿನಿಂದಲೇ ವರ್ಷಕ್ಕೊಮ್ಮೆ.

ಡಿಸ್‌ಪ್ಲೇಸಿಯ ಸಿಕ್ಕಿತೆಂದರೆ ಕರುಳು ಹೋಯಿತೆಂದೇ ಅಲ್ಲ. ಅಂಚು ಸ್ಪಷ್ಟವಾಗಿದ್ದರೆ ಕೊಲೊನೋಸ್ಕೋಪಿನಿಂದಲೇ ಪೂರ್ತಿ ತೆಗೆದು, ಕೆಲವೇ ತಿಂಗಳಲ್ಲಿ ಮತ್ತೆ ನೋಡುತ್ತಾರೆ.